ಜಾಗದ ಬ್ರೋಕರ್‌ಗಳಿಗೆ ಇಂಡೆಮ್ನಿಟಿ ಪಾಲಿಸಿ: ಕೊಟೇಶನ್‌ನಲ್ಲಿ ಎಂತ ನೋಡಬೇಕು?

ಪ್ರಶ್ನೆ, ಮಂಗಳೂರಿನಿಂದ:
ಕದ್ರಿ, ಬಿಜೈ, ಸುರತ್ಕಲ್ ಕಡೆ ಫ್ಲ್ಯಾಟ್ ಮತ್ತು ಜಾಗ ಮಾರಿಸುವ ಕೆಲಸ ನನ್ನದು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಉಂಟು, ಆಫೀಸಿನಲ್ಲಿ ಇಬ್ಬರು ಹುಡುಗರಿದ್ದಾರೆ. ಖರೀದಿಸಿದವರು ಈಗ ಬ್ರೋಕರ್ ಮೇಲೂ ಕೇಸು ಹಾಕುತ್ತಾರೆ, ಹಾಗಾಗಿ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ, ಅಂದರೆ ಕೆಲಸದಲ್ಲಾದ ತಪ್ಪಿಗೆ ಬೇರೆಯವರು ಕೇಳುವ ಪರಿಹಾರಕ್ಕೆ ವಿಮೆ, ಮಾಡಿಸಬೇಕೆಂದಿದ್ದೇನೆ. ಕೊಟೇಶನ್ ಬಂದಿದೆ. ಯಾವುದನ್ನು ನೋಡಿ ಒಪ್ಪಬೇಕು? ತಿಳಿದವರು ಹೇಳಿ.

ವಿಮಾ ಬ್ರೋಕಿಂಗ್ ಕೆಲಸದವರೊಬ್ಬರ ಉತ್ತರ:
ಪ್ರೀಮಿಯಂ ಆಮೇಲೆ ನೋಡುವಾ. ಮೊದಲು ರೆಟ್ರೋಆ್ಯಕ್ಟಿವ್ ಡೇಟ್ ಎಲ್ಲಿಂದ ಹಾಕಿದ್ದಾರೆ ನೋಡಿ. ಯಾವ ದಿನದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಎಂದು ಹೇಳುವ ದಿನಾಂಕ ಅದು.

ಇದು ವಾಹನದ ವಿಮೆಯ ಹಾಗಲ್ಲ. ಅಲ್ಲಿ ಅಪಘಾತವಾದ ದಿನ ಪಾಲಿಸಿ ಇದ್ದರೆ ಸಾಕು. ಇಲ್ಲಿ ಕ್ಲೇಮ್ ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ತಪ್ಪು ನಡೆದದ್ದು ರೆಟ್ರೋಆ್ಯಕ್ಟಿವ್ ಡೇಟಿನ ನಂತರ ಆಗಿರಬೇಕು. ಎರಡರಲ್ಲಿ ಒಂದು ತಪ್ಪಿದರೂ ದುಡ್ಡು ಸಿಗುವುದಿಲ್ಲ. 2024ರಲ್ಲಿ ಮಾಡಿಸಿದ ವ್ಯವಹಾರಕ್ಕೆ 2027ರಲ್ಲಿ ನೋಟಿಸ್ ಬಂತು ಎಂದಿಟ್ಟುಕೊಳ್ಳಿ. ಡೇಟ್ 2026 ಎಂದಿದ್ದರೆ ಆ ಕ್ಲೇಮ್ ಹೋಯಿತು. ರಿನ್ಯೂವಲ್ ಒಂದು ಸಲ ತಪ್ಪಿ ಹೊಸ ಪಾಲಿಸಿ ಮಾಡಿಸಿದರೆ ಡೇಟ್ ಮತ್ತೆ ಹೊಸತಾಗುತ್ತದೆ, ಅಷ್ಟೂ ವರ್ಷದ ಹಳೇ ಕೆಲಸ ಹೊರಗೆ ಬೀಳುತ್ತದೆ. ಕಂಪನಿ ಬದಲಾಯಿಸುವಾಗ ಹಳೇ ಡೇಟನ್ನೇ ಹೊಸ ಶೆಡ್ಯೂಲಿನಲ್ಲಿ (ಪಾಲಿಸಿಯ ವಿವರ ಪಟ್ಟಿ) ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ‘ಮುಂದುವರಿಯುತ್ತದೆ’ ಎಂದರೆ ನಂಬಬೇಡಿ.

ಇನ್ನು ಮೊತ್ತ. 50 ಲಕ್ಷ, 1:1 ಎಂದಿದ್ದರೆ ಒಂದು ಕ್ಲೇಮಿಗೂ ಇಡೀ ವರ್ಷಕ್ಕೂ ಅಷ್ಟೇ. 1:2 ಆದರೆ ಒಂದು ಕ್ಲೇಮಿಗೆ 50 ಲಕ್ಷ, ವರ್ಷಕ್ಕೆ 1 ಕೋಟಿ. ವಕೀಲರ ಖರ್ಚು ಹೆಚ್ಚಾಗಿ ಇದೇ ಮೊತ್ತದ ಒಳಗೇ ಕಳೆಯುತ್ತದೆ: 6 ಲಕ್ಷ ಕೋರ್ಟಿಗೆ ಹೋದರೆ ಪರಿಹಾರಕ್ಕೆ ಉಳಿಯುವುದು 44. ಎಕ್ಸೆಸ್ 1 ಲಕ್ಷ ಇದ್ದರೆ ಪ್ರತಿ ಕ್ಲೇಮಿನಲ್ಲೂ ಮೊದಲ 1 ಲಕ್ಷ ನಿಮ್ಮ ಕೈಯಿಂದಲೇ. ಪ್ರೀಮಿಯಂ ಮೇಲೆ 18% ಜಿಎಸ್‌ಟಿ ಬೇರೆ.

ಶೆಡ್ಯೂಲಿನಲ್ಲಿ ‘ವೃತ್ತಿ’ ಎಂಬ ಕಾಲಂ ಓದದೆ ಸಹಿ ಹಾಕಬೇಡಿ. ‘ಕನ್ಸಲ್ಟೆನ್ಸಿ’ ಎಂದು ಮಾತ್ರ ಬರೆದಿದ್ದರೆ ನಾಳೆ ಜಗಳ. ಮಾರಾಟ, ಖರೀದಿ, ಬಾಡಿಗೆ, ಲೀಸ್ ಮಧ್ಯಸ್ಥಿಕೆ ಎಂದು ಬಿಡಿಸಿ ಬರೆಸಿ. ನಮ್ಮೂರಲ್ಲಿ ಒಂದು ವ್ಯವಹಾರಕ್ಕೆ ಮೂರು ನಾಲ್ಕು ಜನ ಸೇರಿ ಕಮಿಷನ್ ಹಂಚಿಕೊಳ್ಳುವುದು ಮಾಮೂಲು. ಆಫೀಸಿನ ಹುಡುಗರು ಸಿಬ್ಬಂದಿ ಎಂದು ಒಳಗೆ ಬರುತ್ತಾರೆ, ಸಬ್ ಬ್ರೋಕರ್ ಹೇಳಿದ ಸುಳ್ಳಿಗೆ ರಕ್ಷಣೆ ಬೇಕಾದರೆ ಅದನ್ನು ಬೇರೆ ಸೇರಿಸಬೇಕು. ಗಲ್ಫಿನಲ್ಲಿರುವ ಗಿರಾಕಿಗಳಿದ್ದರೆ ಜ್ಯೂರಿಸ್‌ಡಿಕ್ಷನ್ (ಯಾವ ದೇಶದ ಕೋರ್ಟಿನ ಕೇಸಿಗೆ ರಕ್ಷಣೆ) ಭಾರತ ಮಾತ್ರವೋ ಹೊರದೇಶವೂ ಸೇರಿದೆಯೋ ಕೇಳಿ.

ಉಡುಪಿಯ ಸಿವಿಲ್ ವಕೀಲರೊಬ್ಬರು:
ಮೇಲಿನವರು ಹೇಳಿದ್ದು ಸರಿ. ಎಂತ ಸಿಗುವುದಿಲ್ಲ ಎಂಬುದನ್ನು ನಾನು ಸೇರಿಸುತ್ತೇನೆ.

ದಂಡ ಸಿಗುವುದಿಲ್ಲ. ರೇರಾ ಕಾಯ್ದೆ 2016ರ 9 ಮತ್ತು 10ನೇ ಸೆಕ್ಷನ್ ಮೀರಿದರೆ, ಅಂದರೆ ನೋಂದಣಿ ಆಗದ ಪ್ರಾಜೆಕ್ಟ್ ಮಾರಿದರೆ ಅಥವಾ ಸುಳ್ಳು ಭರವಸೆ ಕೊಟ್ಟರೆ, 62ನೇ ಸೆಕ್ಷನ್ ಪ್ರಕಾರ ದಿನಕ್ಕೆ 10,000 ರೂಪಾಯಿ, ಒಟ್ಟು ಆ ಆಸ್ತಿಯ ಬೆಲೆಯ 5%ವರೆಗೂ ದಂಡ ಬೀಳಬಹುದು. ಅದನ್ನು ನೀವೇ ಕಟ್ಟಬೇಕು. ವಂಚನೆಗೂ ರಕ್ಷಣೆ ಇಲ್ಲ. ಮಾಲೀಕರಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು, ಮೇಲೆ ಲಾಭ ಇಟ್ಟು ಮಾರುವ ಪದ್ಧತಿ ಉಂಟಲ್ಲ, ಅಲ್ಲಿ ನೀವು ಬ್ರೋಕರ್ ಅಲ್ಲ, ವ್ಯವಹಾರದ ಪಾಲುದಾರ. ಆ ವ್ಯವಹಾರಕ್ಕೆ ಈ ಪಾಲಿಸಿಯನ್ನು ನೆಚ್ಚಬೇಡಿ. ‘ಜಾಗ ಕ್ಲಿಯರ್, ನಾನು ಗ್ಯಾರಂಟಿ’ ಎಂಬ ಮಾತೂ ಅಷ್ಟೇ: ಗ್ಯಾರಂಟಿ ಕೊಟ್ಟ ಹೊಣೆಯನ್ನು ವಿಮೆ ಹೊರುವುದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ ಎಡವುವ ಜಾಗಗಳು ಗೊತ್ತಿರುವವೇ. ಮುಖ್ಯವಾಗಿ ಕುಮ್ಕಿ. ವರ್ಗ ಜಾಗಕ್ಕೆ (ಸ್ವಂತ ಪಟ್ಟಾ ಜಾಗ) ತಾಗಿದ ಕುಮ್ಕಿಯಲ್ಲಿ ಸೊಪ್ಪು, ಸೌದೆ, ಮೇವಿನ ಹಕ್ಕು ಇರಬಹುದು, ಜಾಗ ಮಾತ್ರ ಸರ್ಕಾರದ್ದು. ‘40 ಸೆಂಟ್ಸ್’ ಎಂದು ಬೇಲಿ ತೋರಿಸಿ ಮಾರಿಸಿದಿರಿ, ಆರ್‌ಟಿಸಿಯಲ್ಲಿ 28 ಮಾತ್ರ ಇತ್ತು ಎಂದಾದರೆ ಉಳಿದ 12ಕ್ಕೆ ಖರೀದಿದಾರ ನಿಮ್ಮನ್ನೇ ಹಿಡಿಯುತ್ತಾನೆ. ಗೊತ್ತಿಲ್ಲದೆ ಆದ ಅಜಾಗರೂಕತೆಯಾದರೆ ಪಾಲಿಸಿ ನಿಮ್ಮ ಜೊತೆ ನಿಲ್ಲಬಹುದು, ಗೊತ್ತಿದ್ದೂ ಮುಚ್ಚಿಟ್ಟಿದ್ದರೆ ಇಲ್ಲ. ಅಳಿಯಸಂತಾನ (ತಾಯಿಯ ಕಡೆಯಿಂದ ಹಕ್ಕು ಬರುವ) ಕುಟುಂಬದ ಆಸ್ತಿಯಲ್ಲಿ ಕವರಿನ (ಕುಟುಂಬದ ಕವಲು) ಒಬ್ಬರ ಸಹಿ ಬಿಟ್ಟುಹೋಗುವುದು, ಹೊಳೆ ಬದಿಯ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ), ಕೊಟ್ಟವರು ತೀರಿಕೊಂಡ ಮೇಲೂ ತೋರಿಸುವ ಪವರ್ ಆಫ್ ಅಟಾರ್ನಿ, ಇವೂ ಇದೇ ಸಾಲಿನವು.

ಪ್ರತಿ ಗಿರಾಕಿಗೂ ದಾಖಲೆ ಕಳಿಸುವಾಗ ವಾಟ್ಸ್ಆ್ಯಪ್‌ನಲ್ಲಿ ಎರಡು ಸಾಲು ಹಾಕಿ: ‘ಈ ದಾಖಲೆಗಳು ಮಾಲೀಕರು ಕೊಟ್ಟವು. ವಿಸ್ತೀರ್ಣ ಆರ್‌ಟಿಸಿ ಪ್ರಕಾರ, ಬೇಲಿ ಪ್ರಕಾರ ಅಲ್ಲ. ಹಕ್ಕಿನ ಬಗ್ಗೆ ನಿಮ್ಮ ವಕೀಲರಿಂದ ಪರಿಶೀಲಿಸಿಕೊಳ್ಳಿ.’ ಇದರಿಂದ ಹೊಣೆ ಪೂರ್ತಿ ಹೋಗುವುದಿಲ್ಲ, ಆದರೆ ನೀವು ಎಂತ ಹೇಳಿದ್ದಿರಿ ಎಂಬುದಕ್ಕೆ ಸಾಕ್ಷಿ ಉಳಿಯುತ್ತದೆ. ಆ ಚಾಟನ್ನು ಅಳಿಸಬೇಡಿ, ಎಕ್ಸ್‌ಪೋರ್ಟ್ ಮಾಡಿ ಫೈಲಿಗೆ ಸೇರಿಸಿ. ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷ ಉಂಟು, ತಡವಾದರೂ ಸರಿಯಾದ ಕಾರಣ ಇದ್ದರೆ ವಿಳಂಬ ಮನ್ನಾ ಬೇರೆ, ಹಾಗಾಗಿ ಕಡತ ಬೇಗ ಬಿಸಾಡಲಿಕ್ಕೇ ಹೋಗಬೇಡಿ.

ಕ್ಲೇಮ್ ನೋಡಿಕೊಳ್ಳುವವರೊಬ್ಬರು:
ಪ್ರಪೋಸಲ್ ಫಾರ್ಮಿನಲ್ಲಿ ಈಗಾಗಲೇ ಇರುವ ತಕರಾರು ಕೇಳಿದರೆ ಮುಚ್ಚಬೇಡಿ ಮಾರಾಯ್ರೆ. ಗಿರಾಕಿ ಸಿಟ್ಟಿನಿಂದ ಕಳಿಸಿದ ಒಂದು ಮೆಸೇಜ್ ಕೂಡ ಬರೆಯಿರಿ. ನಂತರ ಕ್ಲೇಮ್ ತಿರಸ್ಕರಿಸಲು ಅದೇ ಸುಲಭದ ಕಾರಣವಾಗುತ್ತದೆ.

ಲೀಗಲ್ ನೋಟಿಸ್ ಬಂದರೆ ಅದೇ ದಿನ ಅಥವಾ ಮರುದಿನ ಕಂಪನಿಗೆ ಇಮೇಲ್ ಮಾಡಿ, ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ನೀವೇ ಬರೆದು ಕಳಿಸಬೇಡಿ. ‘ಜಗಳ ಬೇಡ’ ಎಂದು ಕಮಿಷನ್ ವಾಪಸ್ ಕೊಡುವುದು ಒಳ್ಳೆಯ ಮನಸ್ಸೇ, ಆದರೆ ಕಂಪನಿಯನ್ನು ಕೇಳದೆ ಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಓದುತ್ತಾರೆ. ನೋಟಿಸ್ ಇನ್ನೂ ಬಂದಿಲ್ಲ, ಬರುವ ಲಕ್ಷಣ ಉಂಟು ಎಂದಾದರೂ ತಿಳಿಸಿ. ಹಾಗೆ ತಿಳಿಸಿದ ಸಂಗತಿ ಸಾಮಾನ್ಯವಾಗಿ ಆ ವರ್ಷದ ಪಾಲಿಸಿಗೇ ಸೇರುತ್ತದೆ, ಮುಂದಿನ ವರ್ಷ ಕೇಸಾದರೂ.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪನಿಯ ದೂರು ವಿಭಾಗ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಬ್ಬರೇ ನಡೆಸುವ ಪ್ರೊಪ್ರೈಟರ್‌ಶಿಪ್ ಆದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ (ವಿಮೆಯ ದೂರು ವಿಚಾರಿಸುವ ಅಧಿಕಾರಿ) ಒಂದು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿನ ಮಿತಿ 50 ಲಕ್ಷ, ಶುಲ್ಕ ಇಲ್ಲ.