ಅಪ್‌ಡೇಟ್: ಆಯಿಯ ಯುಕೆ ವೀಸಾ, ಕೊನೆಗೆ ಅಪೀಲು ಹಾಕಲಿಲ್ಲ

ಮೊಮ್ಮಗಳ ನಾಮಕರಣಕ್ಕೆ ಶಿರಸಿಯಿಂದ ಬರಬೇಕಿದ್ದ ಆಯಿಯ (ನನ್ನ ಅಮ್ಮನ) ವಿಸಿಟರ್ ವೀಸಾ ತಿರಸ್ಕಾರವಾಗಿದೆ, ಮಾನವ ಹಕ್ಕಿನ ಆಧಾರದಲ್ಲಿ ಅಪೀಲು ಹೋಗಬಹುದಾ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ವಕೀಲರನ್ನು ಕಂಡೆ. ಕುಟುಂಬ ಭೇಟಿಗೆಂದೇ ಇದ್ದ ಪೂರ್ತಿ ಅಪೀಲು ಹಕ್ಕು 2013ರ ಜೂನ್‌ನಲ್ಲೇ ಹೋಯಿತಂತೆ. ಉಳಿದಿರುವುದು ಯುರೋಪಿನ ಮಾನವ ಹಕ್ಕು ಒಪ್ಪಂದದ ಆರ್ಟಿಕಲ್ 8, ಅಂದರೆ ಕುಟುಂಬ ಜೀವನದ ಹಕ್ಕು. ಗಂಡ-ಹೆಂಡತಿ ಅಥವಾ ಅಪ್ಪ-ಅಮ್ಮ ಮತ್ತು ಚಿಕ್ಕ ಮಕ್ಕಳಾದರೆ ವಾದ ನಿಂತೀತು. ಸಂಸಾರಸ್ಥ ಮಗ, ಊರಲ್ಲಿರುವ ತಾಯಿ ಎಂದರೆ ಮಾಮೂಲಿ ಪ್ರೀತಿಗಿಂತ ಹೆಚ್ಚಿನ ಅವಲಂಬನೆ ತೋರಿಸಬೇಕು. ನಮ್ಮ ಆಯಿ ನನ್ನ ಮೇಲೆ ಅವಲಂಬಿತಳಾ? ತೋಟದ ಲೆಕ್ಕ ಕೇಳಿದರೆ ನನಗೇ ಬೈತಾಳೆ!

28 ದಿನದೊಳಗೆ ಅಪೀಲು, ವಿಚಾರಣೆ ಬೇಕಿದ್ದರೆ 140 ಪೌಂಡ್, ಆಮೇಲೆ ತಿಂಗಳುಗಟ್ಟಲೆ ಕಾಯುವುದು. ಬೇಡವೆಂದು ಹೊಸ ಅರ್ಜಿಯನ್ನೇ ಹಾಕಿದೆವು. ಅಧಿಕಾರಿಯ ತಕರಾರು ಇದ್ದದ್ದು ಖಾತೆಗೆ ಒಮ್ಮೆಲೇ ಬಿದ್ದ ದೊಡ್ಡ ಮೊತ್ತದ ಬಗ್ಗೆ. ಅದು ಅಡಿಕೆ ಮಾರಿದ ದುಡ್ಡು. ಈ ಸಲ ಸೊಸೈಟಿಯ ಬಿಕರಿ ಪಟ್ಟಿ, ಪಹಣಿ, ಎರಡರ ಇಂಗ್ಲಿಷ್ ಅನುವಾದ ಕೊಟ್ಟು, ಹಳೆ ತಿರಸ್ಕಾರ ಪತ್ರದ ಒಂದೊಂದು ಸಾಲಿಗೂ ಉತ್ತರ ಬರೆದೆ.

ವೀಸಾ ಬಂತು. ನಾಮಕರಣ ಮುಗಿದೇ ಹೋಗಿತ್ತು, ಇರಲಿ. ಹೆಂಡತಿಯದೋ ಪುಟ್ಟ ಮಗುವಿನದೋ ಕೇಸಾದರೆ ಮಾತ್ರ ನನ್ನ ದಾರಿ ಹಿಡಿಯಬೇಡಿ, ಗಡುವು ಮುಗಿಯುವ ಮೊದಲೇ ವಕೀಲರನ್ನು ಕೇಳಿ.