ಪುಣೆಯಿಂದ ಗೋವಾಕ್ಕೆ ಆರು ಜನ, ಆರು ಸೈಕಲ್: ಹೆದ್ದಾರಿಯೋ, ಕೊಂಕಣ ಕರಾವಳಿಯೋ?

ಪ್ರಶ್ನೆ: ಸಿಂಹಗಡ ಸವಾರ, ಪುಣೆ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಗೆಳೆಯರು. ಎಲ್ಲರೂ ಕೆಲಸಕ್ಕೆಂದು ಪುಣೆಗೆ ಬಂದ ಕನ್ನಡದವರೇ. ಭಾನುವಾರ ಬೆಳಗ್ಗೆ ಸಿಂಹಗಡದ ಬುಡದವರೆಗೆ ತುಳಿದು, ಪೋಹೆ ತಿಂದು ವಾಪಸ್ ಬರೋದು ರೂಢಿ. ಡಿಸೆಂಬರ್ ಕೊನೆಗೆ ಗೋವಾದವರೆಗೆ ಸೈಕಲ್‌ನಲ್ಲೇ ಹೋಗೋಣ ಅಂತ ನಿರ್ಧಾರ ಆಗಿದೆ.

ಸಾತಾರಾ, ಕೊಲ್ಹಾಪುರ ಹೆದ್ದಾರಿ ಹಿಡಿದು ಆಂಬೋಲಿ ಘಾಟಿ ಇಳಿಯೋಣ ಅಂತ ನಾಲ್ವರು ಹೇಳುತ್ತಿದ್ದಾರೆ. ಬೇಗ ಮುಗಿಯುತ್ತದಂತೆ. ನನಗೆ ತಾಮ್ಹಿಣಿ ಘಾಟಿ ಇಳಿದು ಸಮುದ್ರದ ಪಕ್ಕದ ದಾರಿಯಲ್ಲೇ ಹೋಗುವ ಆಸೆ. ನಮ್ಮಲ್ಲಿ ಒಬ್ಬ ಸ್ವಲ್ಪ ನಿಧಾನ, ಏರು ಬಂದರೆ ಇಳಿದು ತಳ್ಳುತ್ತಾನೆ. ಅವನನ್ನು ಬಿಟ್ಟು ಹೋಗುವ ಮಾತೇ ಇಲ್ಲ. ದಿನಕ್ಕೆ 100 ಕಿ.ಮೀ. ಅಂತ ಲೆಕ್ಕ ಹಾಕಿದ್ದೇವೆ, ಆಗುತ್ತಾ? ವಾಪಸ್ ಬರುವಾಗ ಸೈಕಲ್ ಹೇಗೆ ತರೋದು? ಹೋಗಿ ಬಂದವರು ದಯವಿಟ್ಟು ಹೇಳಿ.

ಉತ್ತರ: ಡೊಂಬಿವಲಿ ಪೆಡಲ್

ಕರಾವಳಿ ದಾರಿಯನ್ನೇ ಹಿಡೀರಿ. ಆದರೆ 100 ಕಿ.ಮೀ. ಲೆಕ್ಕ ಬಿಟ್ಟುಬಿಡಿ. ಮೊದಲ ದಿನ ಪುಣೆಯಿಂದ ಮಾಣಗಾಂವ್‌ವರೆಗೆ ಸುಮಾರು 100 ಆಗುತ್ತದೆ ನಿಜ. ಅದರಲ್ಲಿ ತಾಮ್ಹಿಣಿಯ ಇಳಿಜಾರು ಇದೆ, ಹಾಗಾಗಿ ನಡೆಯುತ್ತದೆ. ಆಮೇಲೆ ದಿನಕ್ಕೆ 60-70 ಸಾಕು.

ಯಾಕೆ ಅಂದರೆ, ಕೊಂಕಣದಲ್ಲಿ ಸಪಾಟು ರಸ್ತೆ ಕಡಿಮೆ. ಸಹ್ಯಾದ್ರಿಯಿಂದ ಇಳಿಯುವ ಪ್ರತಿಯೊಂದು ನದಿಯೂ ಸಮುದ್ರ ಸೇರುವಲ್ಲಿ ಒಂದು ಅಳಿವೆ ಇದೆ. ರಸ್ತೆ ನೀರಿನ ಮಟ್ಟಕ್ಕೆ ಇಳಿದು, ದಾಟಿ, ಮತ್ತೆ ಜಂಬಿಟ್ಟಿಗೆ ಕಲ್ಲಿನ ಬಯಲಿಗೆ ಏರುತ್ತದೆ. ಒಂದೊಂದು ಏರೂ ದೊಡ್ಡದಲ್ಲ. ಆದರೆ ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಮೇಲಿನ ಬಯಲಿನಲ್ಲಿ ನೆರಳೂ ಇಲ್ಲ, ಅಂಗಡಿಯೂ ಕಡಿಮೆ. ಏರು ಶುರುವಾಗುವ ಮೊದಲು ಸಿಗುವ ಊರಲ್ಲೇ ಬಾಟಲಿ ತುಂಬಿಸಿ. ಕೋಕಂ ಶರಬತ್ತು ಕಂಡಲ್ಲಿ ಚಿಟಿಕೆ ಉಪ್ಪು ಜಾಸ್ತಿ ಹಾಕಿಸಿಕೊಂಡು ಕುಡೀರಿ.

ನಿಮ್ಮ ನಿಧಾನದ ಗೆಳೆಯನ ವಿಷಯಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಈ ದಾರಿಯ ದೊಡ್ಡ ಅನುಕೂಲ ಅಂದರೆ ಜೆಟ್ಟಿಗಳು. ಹರಿಹರೇಶ್ವರ ದಾಟಿ ಬಾಗಮಾಂಡ್ಲಾದಲ್ಲಿ ಸಾವಿತ್ರಿ ನದಿ, ದಾಭೋಳದಲ್ಲಿ ವಾಶಿಷ್ಠಿ, ತವಸಾಳದಿಂದ ಜಯಗಡಕ್ಕೆ ಶಾಸ್ತ್ರಿ, ಕೊನೆಗೆ ತೇರೆಖೋಲಿನಿಂದ ಗೋವಾದ ಕೇರಿಗೆ, ಹೀಗೆ ಫೆರಿ ಬೋಟ್ ಹಿಡಿಯಬೇಕು. ಎಷ್ಟೇ ಜೋರಾಗಿ ತುಳಿದವನೂ ಅಲ್ಲಿ ಬೋಟ್ ಬರುವವರೆಗೆ ನಿಲ್ಲಲೇಬೇಕು. ಹಿಂದಿನವನು ಬಂದು ಸೇರುತ್ತಾನೆ. ಯಾರೂ ಯಾರಿಗೂ ಕಾಯಿಸಿದ ಹಾಗೆ ಆಗುವುದಿಲ್ಲ, ಅವನಿಗೂ ಮುಜುಗರ ಇರುವುದಿಲ್ಲ. ಹೆದ್ದಾರಿಯಲ್ಲಿ ಈ ಸೌಲಭ್ಯ ಇಲ್ಲ. ಅಲ್ಲಿ ಗುಂಪು ಒಡೆದರೆ ಒಡೆಯಿತು.

ಬೋಟ್‌ನ ಮುಂದಿನ ಕಬ್ಬಿಣದ ಹಲಗೆ ದಡಕ್ಕೆ ಬಿದ್ದ ಮೇಲೆ ಮೊದಲು ಕಾರು, ಬೈಕು ಇಳಿಯಲಿ. ಆ ಹಲಗೆ ಸದಾ ಒದ್ದೆ, ಜಾರುತ್ತದೆ. ಸೈಕಲ್ ತುಳಿಯಬೇಡಿ, ತಳ್ಳಿಕೊಂಡೇ ಹತ್ತಿ. ಒಳಗೆ ಕಂಬಿಗೆ ಒರಗಿಸಿ ಒಂದು ಹಳೇ ಟ್ಯೂಬ್‌ನಿಂದ ಬಿಗೀರಿ. ರಾತ್ರಿ ರೂಮಿಗೆ ಬಂದ ಮೇಲೆ ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಡಿ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ.

ಇನ್ನೊಂದು ಮಾತು. ಪಂಪು, ಪಂಕ್ಚರ್ ಸಾಮಾನು ಎಲ್ಲರಿಗಿಂತ ಹಿಂದೆ ಬರುವವನ ಹತ್ತಿರ ಇರಲಿ. ಮುಂದಿನವನ ಗಾಳಿ ಹೋದರೆ ಅವನು ನಿಂತರೆ ಸಾಕು, ಸಾಮಾನು ತಾನಾಗಿ ಬಂದು ಸೇರುತ್ತದೆ. ಸಾಮಾನು ಮುಂದೆ ಹೋಗಿದ್ದು, ಹಿಂದಿನವನ ಗಾಳಿ ಹೋದರೆ? ಕೊಂಕಣದ ತಿರುವುಗಳಲ್ಲಿ ಫೋನ್ ಕೂಡ ಎಷ್ಟೋ ಕಡೆ ಸಿಗುವುದಿಲ್ಲ. ಹಿಂದೆ ಬರುವ ಆ ಕೆಲಸ ದಿನಕ್ಕೊಬ್ಬರು ಹಂಚಿಕೊಳ್ಳಿ, ನಿಧಾನದವನ ಮೇಲೇ ಹೊರಿಸಬೇಡಿ.

ಉತ್ತರ: ಗಡಿನಾಡು, ಮಾಪುಸಾ

ನಾನು ಬೆಳಗಾವಿ ಕಡೆಯವನು, ಈಗ ಗೋವಾದಲ್ಲಿದ್ದೇನೆ. ಒಳನಾಡಿನ ದಾರಿಯೂ ಚೆಂದವೇ. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗಡಹಿಂಗ್ಲಜ, ಆಜರಾ ಮೇಲೆ ಆಂಬೋಲಿಗೆ ಬಂದರೆ ಕಬ್ಬಿನ ಗದ್ದೆ, ಬೆಲ್ಲದ ವಾಸನೆ, ಆಮೇಲೆ ದಟ್ಟ ಕಾಡು. ಆದರೆ ಅಲ್ಲಿಗೆ ಮುಟ್ಟುವ ತನಕ ಲಾರಿಗಳ ಜೊತೆಗೇ ಸಾಗಬೇಕು. ಖಂಬಾಟ್ಕಿ ಘಾಟಿಯಲ್ಲಿ ಹೊಗೆ ಕುಡಿಯುತ್ತಾ ಏರೋದು ಯಾರಿಗೂ ಬೇಡ.

ಡಿಸೆಂಬರ್ ಅಂದರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡೂ ಕಡೆ ಚಾಚಿದ ಕಬ್ಬು, ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೇ ಇರುವುದಿಲ್ಲ. ಈ ದಾರಿಯಲ್ಲಿ ಬಂದರೆ ಐದು ಗಂಟೆಗೆಲ್ಲ ರೂಮ್ ಸೇರಿಕೊಳ್ಳಿ.

ವಾಪಸ್ ಬರಲು ಗೋವಾ ಎಕ್ಸ್‌ಪ್ರೆಸ್ ನೋಡಿ. ವಾಸ್ಕೋದಿಂದ ಹೊರಟು ಮಡಗಾಂವ್, ಲೋಂಡಾ, ಬೆಳಗಾವಿ, ಮಿರಜ್ ಮೇಲೆ ಪುಣೆಗೆ ಬರುತ್ತದೆ. ಸೈಕಲ್‌ಗಳನ್ನು ಪಾರ್ಸೆಲ್ ಆಫೀಸಿನಲ್ಲಿ ಲಗೇಜ್ ಡಬ್ಬಿಗೆ ಬುಕ್ ಮಾಡಬೇಕು. ಆರು ಸೈಕಲ್ ಅಂದರೆ ಕಡಿಮೆ ಅಲ್ಲ, ಹಿಂದಿನ ದಿನವೇ ಹೋಗಿ ಮಾತಾಡಿ. ಗೇರ್ ಇರುವ ಕಡೆ ರಟ್ಟು ಸುತ್ತಿ, ಫ್ರೇಮಿಗೆ ಹೆಸರು, ಫೋನ್ ನಂಬರ್ ಬರೆದು ಕಟ್ಟಿ.

ಸಿಂಹಗಡ ಸವಾರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಜೆಟ್ಟಿಯ ಮಾತು ಓದಿ ಹೇಳಿದೆ. ಹೆದ್ದಾರಿ ಬೇಕು ಅನ್ನುತ್ತಿದ್ದವರಲ್ಲಿ ಮೂವರು ಈಗ ಕರಾವಳಿಗೆ ಒಪ್ಪಿದ್ದಾರೆ. ಆ ನಿಧಾನದ ಗೆಳೆಯನಿಗಂತೂ ಖುಷಿಯೋ ಖುಷಿ. ಅವನ ಸೈಕಲ್‌ನಲ್ಲಿ ಗೇರ್ ಕಮ್ಮಿ. ಬೇರೆ ಸೈಕಲ್ ತಗೋಬೇಕಾ?

ಉತ್ತರ: ಡೊಂಬಿವಲಿ ಪೆಡಲ್

ಬೇಡ. ಹಿಂದಿನ ಚಕ್ರದ ದೊಡ್ಡ ಹಲ್ಲುಚಕ್ರದಲ್ಲಿ ಎಷ್ಟು ಹಲ್ಲಿದೆ ಎಣಿಸಿ. 28 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂಗಡಿಯವರ ಹತ್ತಿರ 32 ಅಥವಾ 34 ಕೂರುತ್ತಾ ಅಂತ ಕೇಳಿ. ಕೆಲವು ಸೈಕಲ್‌ಗೆ ಗೇರ್ ಬದಲಿಸುವ ಹಿಂದಿನ ಭಾಗವನ್ನೂ ಬದಲಾಯಿಸಬೇಕಾಗುತ್ತದೆ. ಹೊರಡುವ ಮುಂಚೆ ಸಾಮಾನು ಹೇರಿಕೊಂಡೇ ಸಿಂಹಗಡ ರಸ್ತೆಯಲ್ಲಿ ಒಮ್ಮೆ ಏರಿಸಿ ನೋಡಲಿ. ಬ್ರೇಕ್ ಪ್ಯಾಡ್ ಆರೂ ಜನ ಹೊಸದು ಹಾಕಿಸಿ, ತಾಮ್ಹಿಣಿ ಇಳಿಯುವಾಗ ಬೇಕಾಗುತ್ತದೆ.

ದಾರಿ ಒಟ್ಟು 500 ಕಿ.ಮೀ. ದಾಟುತ್ತದೆ, ಎಂಟು ದಿನ ರಜೆ ಕೇಳಿ. ವರ್ಷದ ಕೊನೆಗೆ ಗಣಪತಿಪುಳೆ, ಮಾಲವಣ ಎರಡೂ ಮುಂಬೈ-ಪುಣೆಯವರಿಂದ ತುಂಬಿ ತುಳುಕುತ್ತವೆ. ಆ ಎರಡು ಕಡೆ ರೂಮ್ ಈಗಲೇ ಹಿಡಿದುಬಿಡಿ.