ಸ್ವಿಚ್ ಲೈಟ್ ಕೈಗೆ ಬಂದಿದೆ, ಬೇಸಿಗೆಯೂ ಬಂತು: ನಮ್ಮ ಕಡೆ ಇದನ್ನು ಹೇಗೆ ಬಳಸ್ತೀರಿ?

ಕೊಪ್ಪಳ ಪ್ಯಾಸೆಂಜರ್

ದುಬೈನಲ್ಲಿರುವ ಅಣ್ಣ ತಾನು ಆಡುತ್ತಿದ್ದ ಸ್ವಿಚ್ ಲೈಟ್ (ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಗೇಮ್ ಯಂತ್ರ) ನನಗೆ ಕೊಟ್ಟಿದ್ದಾನೆ. ನಾನು ಓದುತ್ತಿರುವುದು ಬಳ್ಳಾರಿಯಲ್ಲಿ. ವಾರದ ಕೊನೆಗೆ ರೈಲು ಹತ್ತಿ ಕೊಪ್ಪಳಕ್ಕೆ ಬರುತ್ತೇನೆ, ಆಡೋದು ಹೆಚ್ಚಾಗಿ ಆ ದಾರಿಯಲ್ಲೇ. ಬ್ಯಾಟರಿ ಎರಡು ಗಂಟೆಯೂ ಸರಿಯಾಗಿ ಬರುತ್ತಿಲ್ಲ. ಒಳಗಿನ 32 ಜಿಬಿ ತುಂಬಿದೆ. ಕೈಯಲ್ಲಿ ಐದು ಸಾವಿರ ಇದೆ. ಮೆಮೊರಿ ಕಾರ್ಡ್, ಪವರ್ ಬ್ಯಾಂಕ್, ಹೊಸ ಬ್ಯಾಟರಿ, ಯಾವುದಕ್ಕೆ ಹಾಕಲಿ? ಇಲ್ಲಾ ಮಾರಿಬಿಟ್ಟು ಬೇರೆ ತಗೊಳ್ಳಲಾ? ಬಳಸಿದವರು ಹೇಳಿ.

ರಾಯಚೂರು ಗಂಜ್

ಕಾರ್ಡ್, ಪವರ್ ಬ್ಯಾಂಕ್ ಎಲ್ಲ ಆಮೇಲೆ. ಮೊದಲು ಬಿಸಿಲಿನ ಮಾತು. ಸ್ವಿಚ್ ಬಳಸೋಕೆ ನಿಂಟೆಂಡೊ ಹೇಳಿರುವ ಮಿತಿ 5ರಿಂದ 35 ಡಿಗ್ರಿ. 2022ರ ಬೇಸಿಗೆಯಲ್ಲಿ ಜಪಾನಿನವರಿಗೇ ಕಂಪನಿ ಇದನ್ನು ಮತ್ತೆ ನೆನಪಿಸಿತ್ತು. ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ 40 ದಾಟುತ್ತದೆ. ಆರ್‌ಸಿಸಿ ಮನೆಯ ಮಾಳಿಗೆ ಕೋಣೆ ಸಂಜೆಯಾದರೂ ಆರಲ್ಲ.

ನನ್ನದು 2017ರ ಮೊದಲ ಮಾಡೆಲ್. 4310 ಎಂಎಎಚ್ ಬ್ಯಾಟರಿ. ಅದರ ಆಯಸ್ಸು ತಿಂದದ್ದು ಆಟ ಅಲ್ಲ, ಬಿಸಿಯಲ್ಲಿ ಚಾರ್ಜಿಗೆ ಹಾಕಿಡೋದು. ಹೈದರಾಬಾದಿಗೆ ಹೋಗಿ ಬ್ಯಾಟರಿ ಹಾಕಿಸಿದೆ. ಬ್ಯಾಟರಿಗೆ 2,600, ಕೂಲಿ 1,200, ಬಸ್ಸು-ಊಟ ಬೇರೆ. ಅಂಗಡಿಯವನ ಹತ್ತಿರ ವೈ ಆಕಾರದ ಸ್ಕ್ರೂಡ್ರೈವರ್ ಇರಲಿಲ್ಲ. ಚಪ್ಪಟೆ ಮೊನೆ ಇಟ್ಟು ಒತ್ತಿ ಒತ್ತಿ ತಿರುಗಿಸಿದ. ಎರಡು ಸ್ಕ್ರೂ ತಲೆ ಸವೆದು ಗುಂಡಗಾಯಿತು. ಅದನ್ನು ಕೊರೆದು ತೆಗೆದ. ಒಳಗೆ ಚಿಪ್ಪಿನ ಬಿಸಿ ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒರೆಸಿದವನು ಮತ್ತೆ ಹಚ್ಚಲೇ ಇಲ್ಲ. ಮನೆಗೆ ಬಂದು ಹಾಕಿದರೆ ಫ್ಯಾನ್ ಒಂದೇ ಸಮ ಕಿರುಚುತ್ತಿದೆ. ಮತ್ತೆ ಹೈದರಾಬಾದು, ಪೇಸ್ಟಿಗೆ ಅಂತ ಮತ್ತೆ 400. ನಾನೇ ಕೇಳಿದೆ, ಒರೆಸಿದ್ದು ನೀನು, ದುಡ್ಡು ನನ್ನದಾ ಅಂತ. ಹೂಂ ಅಂದ.

ಈಗ ನನ್ನ ಪದ್ಧತಿ ಇದು. ಚಾರ್ಜಿಂಗ್ ಬೆಳಗಿನ ಜಾವ. ಚಾರ್ಜ್ ಆಗುವಾಗ ಆಟ ಇಲ್ಲ. ಪೂರ್ತಿ ತುಂಬಿಸಿ ಬೀರುವಿನಲ್ಲಿ ಇಡೋದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟು ಆಫ್ ಮಾಡ್ತೀನಿ. ಮೇ ತಿಂಗಳ ಮಧ್ಯಾಹ್ನ ಮುಟ್ಟೋದೇ ಇಲ್ಲ. ಎರಡನೇ ಬ್ಯಾಟರಿ ಇವತ್ತಿಗೂ ಗಟ್ಟಿ ಇದೆ.

ಕೌಲ್ ಬಜಾರ್ ಪಿಎಸ್‌ಪಿ

ಮೇ ತಿಂಗಳು ಮುಟ್ಟೋದಿಲ್ಲ ಅಂದರೆ ರಜೆಯಲ್ಲಿ ಏನು ಮಾಡಬೇಕು? ಬಳ್ಳಾರಿ ಬಿಸಿಲಲ್ಲೇ ನನ್ನ ಪಿಎಸ್‌ಪಿ 3000, ಸೋನಿಯ ಹಳೆಯ ಕೈ ಯಂತ್ರ, ನಡೆಯುತ್ತಿದೆ. ಫ್ಯಾನೇ ಇಲ್ಲ ಅದಕ್ಕೆ, ಬೇಕಾಗಿಯೂ ಇಲ್ಲ.

ಬ್ಯಾಟರಿ ಮಾತ್ರ ಕಾಡಿದೆ. ಕಂಪನಿ ಬ್ಯಾಟರಿ 1200 ಎಂಎಎಚ್. ಅದು ಹಳೆಯದಾಗಿ ಜೋಳದ ರೊಟ್ಟಿಯ ಹಾಗೆ ಉಬ್ಬಿತು, ಹಿಂದಿನ ಮುಚ್ಚಳ ಕೂರುತ್ತಿರಲಿಲ್ಲ. ಬೇರೆಯವರ ಬ್ಯಾಟರಿ 650ಕ್ಕೆ ತರಿಸಿದೆ, ಮೇಲೆ 3600 ಅಂತ ಅಚ್ಚು. ಬಂದಿದ್ದು ಹಳೆಯದಕ್ಕಿಂತ ಕಮ್ಮಿ ಹೊತ್ತು. ಇನ್ನೊಂದು 900ರದ್ದು ತರಿಸಿದೆ, ಅದು ಪರವಾಗಿಲ್ಲ. ಅಷ್ಟು ಸಣ್ಣ ಡಬ್ಬಿಯಲ್ಲಿ 3600 ಹಿಡಿಸುತ್ತಾ? ಅಚ್ಚು ನೋಡಿ ದುಡ್ಡು ಕೊಡಬೇಡಿ.

ಕಾರ್ಡಿಗೆ ನಾನು ತಲೆ ಕೆಡಿಸಿಕೊಂಡಿಲ್ಲ. ಮೆಮೊರಿ ಸ್ಟಿಕ್ ಡ್ಯುಯೊ ಆಕಾರದ ಅಡಾಪ್ಟರ್ 150 ರೂಪಾಯಿ, ಒಳಗೆ ಮೈಕ್ರೊಎಸ್‌ಡಿ. ಡಿಸ್ಕ್ ತಿರುಗಿಸುವ ಮೋಟರಿಗೇ ಬ್ಯಾಟರಿ ಜಾಸ್ತಿ ಹೋಗುತ್ತದೆ. ಕಾರ್ಡಿನಿಂದ ಆಡಿದರೆ ಕಣ್ಣಿಗೆ ಕಾಣುವಷ್ಟು ಉಳಿತಾಯ. ಪಿಎಸ್‌ಪಿಯ ಆನ್‌ಲೈನ್ ಅಂಗಡಿ 2021ರ ಜುಲೈನಲ್ಲಿ ಮುಚ್ಚಿದೆ. ಹಾಗಾಗಿ ನನ್ನ ಡಿಸ್ಕುಗಳನ್ನೇ ಪ್ರತಿ ಮಾಡಿ ಇಟ್ಟುಕೊಂಡಿದ್ದೇನೆ. ತಮ್ಮಾ, ಐದು ಸಾವಿರ ಇದ್ದರೆ ಒಂದು ಒಳ್ಳೆ ಪಿಎಸ್‌ಪಿಯೇ ಬರುತ್ತದೆ.

ಸಿಂಧನೂರು ಡೆಕ್

ಹುಡುಗ ಕೇಳಿದ್ದು ಸ್ವಿಚ್ ಲೈಟ್ ಬಗ್ಗೆ, ಇವರು 2004ರಲ್ಲಿ ಬಂದ ಯಂತ್ರದ ಗುಣಗಾನ ಮಾಡ್ತಿದ್ದಾರೆ. ಡಿಸ್ಕ್ ಪ್ರತಿ ಅಂತ ಹೇಳುವವರಲ್ಲಿ ಎಷ್ಟು ಜನರ ಹತ್ತಿರ ಡಿಸ್ಕ್ ಇರುತ್ತೆ ಅಂತ ಗೊತ್ತು ಬಿಡಿ.

ನಾನು ಸ್ಟೀಮ್ ಡೆಕ್ ಎಲ್‌ಸಿಡಿ ತಗೊಂಡೆ, ಕಂಪ್ಯೂಟರ್ ಆಟಗಳನ್ನು ಕೈಯಲ್ಲೇ ಆಡುವ ಯಂತ್ರ. ಇಲ್ಲಿ ಕಂಪನಿ ಮಾರೋದಿಲ್ಲ, ಹೊರಗಿಂದ ತರಿಸುವವರ ಹತ್ತಿರವೇ ಆಗಬೇಕು. 64 ಜಿಬಿಯದಕ್ಕೆ 41,500 ಕೊಟ್ಟೆ. ವಾರಂಟಿ ಇಲ್ಲ. ಡಬ್ಬಿ ಒಡೆದೇ ಬಂತು. ಚಾರ್ಜರಿನ ಪಿನ್ ನಮ್ಮ ಸಾಕೆಟ್ಟಿಗೆ ಹೊಂದಲಿಲ್ಲ, ಪರಿವರ್ತಕ 120. ಅದು ಸಡಿಲ, ಕಿಡಿ ಹಾರಿತು. ಕೊನೆಗೆ ಇಲ್ಲಿನ 45 ವ್ಯಾಟ್ ಚಾರ್ಜರ್ 1,900 ಕೊಟ್ಟು ತಂದೆ. ಕೇಸ್, ಗಾಜು, ಕಾರ್ಡ್ ಸೇರಿ ಇನ್ನೊಂದು ಆರು ಸಾವಿರ.

ಆದರೆ ಆಟದ ಬೆಲೆ ನೋಡಿ. ಸ್ಟೀಮ್ ಅನ್ನೋ ಇದರ ಆನ್‌ಲೈನ್ ಅಂಗಡಿಯಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ. ನಿಂಟೆಂಡೊಗೆ ನಮ್ಮ ದೇಶದ ಅಂಗಡಿಯೇ ಇಲ್ಲ, ಬೇರೆ ದೇಶದ ಖಾತೆ ಮಾಡಿ ಡಾಲರ್ ಲೆಕ್ಕದಲ್ಲಿ ಕೊಡಬೇಕು. ಎರಡು ವರ್ಷದ ಆಟಗಳ ಖರ್ಚು ಕೂಡಿಸಿದರೆ ನನ್ನ ಡೆಕ್ಕೇ ಅಗ್ಗ.

ಬ್ಯಾಟರಿಗೆ ಒಂದು ಮಾತು, ಡೆಕ್ ಇದ್ದವರಿಗೆ. ಪರದೆಯನ್ನು 40 ಹರ್ಟ್ಸಿಗೆ (ಸೆಕೆಂಡಿಗೆ 40 ಸಲ ಚಿತ್ರ ಬದಲಾಗೋದು) ಇಳಿಸಿ, ಆಟವನ್ನೂ ಸೆಕೆಂಡಿಗೆ 40 ಫ್ರೇಮಿಗೆ ಕಟ್ಟಿ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್. 30 ಫ್ರೇಮಿನ 33ಕ್ಕೂ 60ರ 16ಕ್ಕೂ ನಡುವೆ ಬರುತ್ತದೆ. ಕೈಗೆ ಹಗುರ ಅನಿಸುತ್ತದೆ. ಚಿಪ್ಪಿನ 15 ವ್ಯಾಟನ್ನು 8ಕ್ಕೋ 9ಕ್ಕೋ ಇಳಿಸಿದರೆ ಫ್ಯಾನ್ ಸುಮ್ಮನಾಗುತ್ತದೆ. ನಾನು ಪ್ರತಿ ಆಟಕ್ಕೂ ಬೇರೆ ಬೇರೆ ಇಟ್ಟಿದ್ದೇನೆ.

ಕೌಲ್ ಬಜಾರ್ ಪಿಎಸ್‌ಪಿ

ನನ್ನ ಡಿಸ್ಕುಗಳು ಕಪಾಟಿನಲ್ಲಿವೆ, ಬಂದು ನೋಡಿ. ವಾರಂಟಿ ಇಲ್ಲದ್ದಕ್ಕೆ ನಲವತ್ತು ಸಾವಿರ ಕೊಟ್ಟವರು ನನಗೆ ನ್ಯಾಯ ಹೇಳಬೇಡಿ.

ಸಂಡೂರು ಕೆಂಪು

ಇಬ್ಬರೂ ಸ್ವಲ್ಪ ಆ ಕಡೆ ಜರುಗಿ. ಹುಡುಗ ಬಳ್ಳಾರಿಯಲ್ಲಿ ಇದ್ದಾನೆ ಅಂದಮೇಲೆ ಧೂಳಿನ ಬಗ್ಗೆ ಒಬ್ಬರೂ ಹೇಳಿಲ್ಲ.

ನಾನಿರುವುದು ಅದಿರು ಲಾರಿ ಓಡಾಡುವ ರಸ್ತೆ ಪಕ್ಕ. ನನ್ನದೂ ಲೈಟೇ. ಎಡಗಡೆ ಸ್ಟಿಕ್ ತಾನಾಗಿ ಮೇಲಕ್ಕೆ ಹೋಗೋಕೆ ಶುರುವಾಯಿತು. ಬಿಚ್ಚಿ ನೋಡಿದರೆ ಸ್ಟಿಕ್ಕಿನ ಬುಡದ ರಬ್ಬರ್ ಕೊಳವಿಯ ಸುತ್ತ ಕೆಂಪು ಪುಡಿ, ಕುಂಕುಮ ಉದುರಿಸಿದಂತೆ. ದೊಡ್ಡ ಸ್ವಿಚ್ಚಾದರೆ ಪಕ್ಕದ ಕಂಟ್ರೋಲರ್, ಜಾಯ್‌ಕಾನ್, ತೆಗೆದು ಇನ್ನೊಂದು ಹಾಕಬಹುದು. ಲೈಟಿನಲ್ಲಿ ಸ್ಟಿಕ್ ಮೈಗೇ ಅಂಟಿದೆ, ಇಡೀ ಯಂತ್ರ ಬಿಚ್ಚಬೇಕು. ಹೊಸಪೇಟೆಯಲ್ಲಿ ಮೊಬೈಲ್ ರಿಪೇರಿಯವನು 800 ತಗೊಂಡು ಸಾಮಾನ್ಯ ಸ್ಟಿಕ್ ಹಾಕಿದ. ಅದೂ ಬೇಗ ಕೆಟ್ಟಿತು. ಆಮೇಲೆ ಆಯಸ್ಕಾಂತದ ಹಾಲ್ ಎಫೆಕ್ಟ್ ಸ್ಟಿಕ್ ಜೋಡಿ 1,700ಕ್ಕೆ ತರಿಸಿದೆ. ಅದರಲ್ಲಿ ಒಂದಕ್ಕೊಂದು ಉಜ್ಜುವ ತಗಡು ಇಲ್ಲ, ಸವೆಯೋದೂ ಇಲ್ಲ. ನಾನೇ ಕೂತು ಹಾಕಿದೆ. ರಿಬ್ಬನ್ ಕೇಬಲ್ಲಿನ ಬೀಗ ಉಗುರಿನಿಂದ ಮೇಲೆತ್ತಬೇಕು, ಎಳೆದರೆ ಕಿತ್ತು ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ಸ್ಟಿಕ್ ಸರಿಹೊಂದಿಸುವ ಜಾಗ ಇದೆ, ಮುಗಿದ ಮೇಲೆ ಅದನ್ನು ಮಾಡಲೇಬೇಕು.

ಜಿಪ್ ಇರುವ ಚೀಲ 350. ಅದರೊಳಗೇ ಇರಲಿ. ಫ್ಯಾನಿನ ಕಿಂಡಿ ಮೇಲ್ಗಡೆ ಇದೆ, ಅದಕ್ಕೆ ಮೆತ್ತನೆಯ ಬ್ರಷ್. ಬಾಯಿಂದ ಊದಬೇಡಿ, ಎಂಜಲು ಹೋಗುತ್ತದೆ. ಇನ್ನೊಂದು, ಕೂಲರ್ ಮುಂದೆ ಕೂತು ಆಡಬೇಡಿ.

ರಾಯಚೂರು ಗಂಜ್

ಕೂಲರ್ ಬೇಡ ಅಂದರೆ ಏನರ್ಥ? ರಾಯಚೂರಿನಲ್ಲಿ ಎಲ್ಲರ ಮನೆಯಲ್ಲೂ ಎಸಿ ಇದೆಯಾ? ಕೂಲರ್ ಹಾಕಿದರೇ ಕೋಣೆ ಆ 35ರ ಒಳಗೆ ಬರೋದು. ತೇವಾಂಶದ ಮಿತಿ 80 ಪರ್ಸೆಂಟ್ ತನಕ ಇದೆ. ನಮ್ಮ ಒಣ ಹವೆಯಲ್ಲಿ ಕಿಟಕಿ ತೆರೆದಿಟ್ಟು ಕೂಲರ್ ಹಾಕಿದರೆ ಅಷ್ಟು ಏರೋದೇ ಇಲ್ಲ.

ಸಂಡೂರು ಕೆಂಪು

ಕಿಟಕಿ ತೆರೆದರೆ ನಮ್ಮಲ್ಲಿ ಅದಿರಿನ ಧೂಳು ಒಳಗೆ. ತೇವಕ್ಕೆ ಅದು ಫ್ಯಾನಿನ ರೆಕ್ಕೆಗೆ ಮೆತ್ತುತ್ತದೆ, ಬ್ರಷ್ಷಿಗೆ ಬರೋದಿಲ್ಲ. ನಾನು ಸ್ಪಿರಿಟ್ ಹಚ್ಚಿ ಕೆರೆದು ತೆಗೆದಿದ್ದೇನೆ. ನಿಮ್ಮ ಗಂಜಿನ ಲೆಕ್ಕ ಸಂಡೂರಿಗೆ ತರಬೇಡಿ.

ಗಂಗಾವತಿ ಕಾರ್ಟ್ರಿಜ್

ಕೂಲರ್ ಜಗಳ ಬೇರೆ ಕಡೆ ಮಾಡಿ. ಕಾರ್ಡ್ ಬಗ್ಗೆ ನಾನು ಹೇಳಲೇಬೇಕು, ಹೊಟ್ಟೆ ಉರಿದಿದೆ. 512 ಜಿಬಿ ಕಾರ್ಡ್ 899ಕ್ಕೆ ಅಂತ ಆನ್‌ಲೈನಿನಲ್ಲಿ ಒಬ್ಬ ಮಾರುತ್ತಿದ್ದ. ಮೇಲಿನ ಮುದ್ರೆ ಒಳ್ಳೆ ಕಂಪನಿಯದು. ಹಾಕಿದರೆ 512 ಅಂತಲೇ ತೋರಿಸಿತು. ನಾಲ್ಕು ಆಟ ಇಳಿಸುವ ತನಕ ಸರಿ. ಐದನೆಯದು ಇಳಿಸಿದ ಮೇಲೆ ಮೊದಲಿನದು ತೆರೆಯಲೇ ಇಲ್ಲ, ಡೇಟಾ ಕೆಟ್ಟಿದೆ ಅಂತ ಬಂತು. ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಕಂಪ್ಯೂಟರ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಅದು ಕಾರ್ಡ್ ಪೂರ್ತಿ ಬರೆದು ಮತ್ತೆ ಓದಿ ಹೋಲಿಸುತ್ತದೆ. ರಾತ್ರಿಯಿಡೀ ಓಡಿತು. ಒಳಗೆ ಇದ್ದದ್ದು 32 ಜಿಬಿಗೂ ಕಮ್ಮಿ. ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗಿದೆ. ಮಾರಿದವನು ಅಷ್ಟರಲ್ಲಿ ಅಂಗಡಿ ಹೆಸರೇ ಬದಲಿಸಿದ್ದ. 899 ಹೋಯಿತು. ಒಂದೂವರೆ ಜಿಬಿ ದಿನದ ಪ್ಯಾಕಿನಲ್ಲಿ ಕೂಡಿಸಿ ಕೂಡಿಸಿ ಇಳಿಸಿದ ಆಟಗಳೂ ಹೋದವು. ಅದಕ್ಕೇ ಸಿಟ್ಟು.

ಸೇವ್ ಫೈಲ್, ಅಂದರೆ ಎಲ್ಲಿಯವರೆಗೆ ಆಡಿದ್ದೆ ಅನ್ನೋ ದಾಖಲೆ, ಮಾತ್ರ ಉಳಿಯಿತು. ಸ್ವಿಚ್‌ನಲ್ಲಿ ಸೇವ್ ಯಾವತ್ತೂ ಒಳಗಿನ ಮೆಮೊರಿಯಲ್ಲೇ ಇರುತ್ತದೆ, ಕಾರ್ಡಿಗೆ ಹೋಗೋದಿಲ್ಲ. ಜಾಗ ಬೇಕೆಂದಾಗ ಆಟವನ್ನು ಆರ್ಕೈವ್ ಮಾಡಿ. ಆಟ ಹೋಗುತ್ತದೆ, ಸೇವ್ ಉಳಿಯುತ್ತದೆ.

ಅಂದಿನಿಂದ ನಾನು ಕಾರ್ಟ್ರಿಜ್ಜೇ ತಗೊಳ್ಳೋದು. ಆಡಿ ಮುಗಿಸಿ ಮಾರ್ತೀನಿ. 3,200ಕ್ಕೆ ತಂದದ್ದು 2,700ಕ್ಕೆ ಹೋಗಿದೆ. ಐನೂರರಲ್ಲಿ ಒಂದು ಬೇಸಿಗೆ ಪೂರ್ತಿ ಆಟ. ಸ್ಟೀಮಿನಲ್ಲಿ ಕೊಂಡಿದ್ದನ್ನು ಮಾರೋಕೆ ಆಗುತ್ತಾ?

ಸಿಂಧನೂರು ಡೆಕ್

ಮಾರೋಕೆ ಆಗಲ್ಲ, ಸರಿ. 250ಕ್ಕೆ ತಂದ ಆಟ ಮಾರಿ ಏನು ಮಾಡಬೇಕು? ನಿಮ್ಮ ಕಾರ್ಟ್ರಿಜ್ ಬೇಕೆಂದರೆ ಗಂಗಾವತಿಯಲ್ಲಿ ಸಿಗುತ್ತಾ? ಬೆಂಗಳೂರಿಂದ ಕೊರಿಯರಿಗೆ ಎಷ್ಟು ಕೊಡ್ತೀರಿ, ಅದನ್ನೂ ಬರೆಯಿರಿ.

ಗಂಗಾವತಿ ಕಾರ್ಟ್ರಿಜ್

ಕೊರಿಯರಿಗೆ 90. ಎರಡು ಆಟ ಕೂಡಿ ತರಿಸಿದರೂ ಅಷ್ಟೇ. ನಿಮ್ಮ ಪಿನ್ ಪರಿವರ್ತಕಕ್ಕಿಂತ ಕಮ್ಮಿ.

ಕೊಪ್ಪಳ ಪ್ಯಾಸೆಂಜರ್

ಎಲ್ಲರಿಗೂ ಥ್ಯಾಂಕ್ಸ್. ಪವರ್ ಬ್ಯಾಂಕ್ ಬಗ್ಗೆ ಯಾರೂ ಹೇಳಲಿಲ್ಲ. ರೈಲಿನಲ್ಲಿ ನನ್ನ ಬೋಗಿಯಲ್ಲಿ ಪ್ಲಗ್ ಸಿಗಲ್ಲ.

ಸಂಡೂರು ಕೆಂಪು

10,000 ಎಂಎಎಚ್, ಟೈಪ್ ಸಿ ಪಿಡಿ (ಬೇಗ ಚಾರ್ಜ್ ಮಾಡುವ ಪದ್ಧತಿ) ಇರುವುದು, 20 ವ್ಯಾಟ್ ಸಾಕು. 1,300ರೊಳಗೆ ಬರುತ್ತದೆ. ಲೈಟಿನ ಬ್ಯಾಟರಿ 3570, ಮಧ್ಯೆ ಪೋಲಾಗೋದು ಕಳೆದರೂ ಒಂದೂವರೆ ಸಲಕ್ಕೆ ಮೋಸವಿಲ್ಲ. ಏರೋಪ್ಲೇನ್ ಮೋಡ್ ಹಾಕಿ, ಬೆಳಕು ಅರ್ಧಕ್ಕೆ ಇಳಿಸಿ. ಕಿಟಕಿ ಪಕ್ಕ ಬೇಡ. ಬಿಸಿಲಿಗೆ ಬೆಳಕು ಪೂರ್ತಿ ಏರಿಸಬೇಕಾಗುತ್ತದೆ. ಬ್ಯಾಟರಿ ಹೋಗುವುದು ಅಲ್ಲೇ. ಕಾರ್ಡ್ 128 ಜಿಬಿ ಸಾಕು, ವೇಗದ ದರ್ಜೆ ಯುಎಚ್‌ಎಸ್-1. ಅದಕ್ಕಿಂತ ವೇಗದ್ದು ತಂದರೂ ಸ್ವಿಚ್ ಅಷ್ಟು ಓದೋದಿಲ್ಲ. ಬಿಲ್ ಕೊಡುವ ಅಂಗಡಿಯಲ್ಲೇ ತಗೊಳ್ಳಿ.

ರಾಯಚೂರು ಗಂಜ್

ಮುಂದೆ ಸ್ವಿಚ್ 2 ತಗೊಳ್ಳುವ ಯೋಚನೆ ಇದ್ದರೆ ಕಾರ್ಡಿಗೆ ಜಾಸ್ತಿ ಹಾಕಬೇಡ. ಅದಕ್ಕೆ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಅನ್ನೋ ಬೇರೆ ಬಗೆಯ ಕಾರ್ಡೇ ಬೇಕು, ಈಗಿನ ಕಾರ್ಡಿನಿಂದ ಅದರಲ್ಲಿ ಆಟ ನಡೆಯಲ್ಲ. ಬ್ಯಾಟರಿ ಹಾಕಿಸುವುದಾದರೆ ವೈ ಸ್ಕ್ರೂಡ್ರೈವರ್ ನೀನೇ ತಗೊಂಡು ಹೋಗು. ಇನ್ನು ಸಂಡೂರಿನವರೇ, 20 ವ್ಯಾಟ್ ಪವರ್ ಬ್ಯಾಂಕ್ ಹಚ್ಚಿಕೊಂಡು ರೈಲಿನಲ್ಲಿ ಆಡು ಅಂತ ಹೇಳ್ತಿದ್ದೀರಲ್ಲ, ಚಾರ್ಜ್ ಆಗುವಾಗ ಆಡಬಾರದು ಅಂತ ನಾನು ಮೇಲೆ ಬರೆದದ್ದು ಓದಿದಿರಾ?

ಸಂಡೂರು ಕೆಂಪು

ಓದಿದೆ. ಮುನಿರಾಬಾದ್ ದಾಟುವಾಗ ಬ್ಯಾಟರಿ ಕೆಂಪು ತೋರಿಸಿದರೆ ಹುಡುಗ ಆಟ ಬಿಟ್ಟು ಡ್ಯಾಮ್ ನೋಡುತ್ತಾ ಕೂರಬೇಕಾ?

ಕೌಲ್ ಬಜಾರ್ ಪಿಎಸ್‌ಪಿ

ಪಿಎಸ್‌ಪಿಗಾದರೆ ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರುತ್ತದೆ. ಮುಚ್ಚಳ ತೆಗೆ, ಹಾಕು, ಆಡು. ಸಿಂಧನೂರಿನವರು ಡಿಸ್ಕ್ ನೋಡೋಕೆ ಯಾವಾಗ ಬರ್ತೀರಿ ಅಂತ ಇನ್ನೂ ಹೇಳಿಲ್ಲ.